ಗ್ಲಿವೆಕ್ ತೀರ್ಪು ಅರ್ಥವಾಗಬೇಕಾದರೆ ಆ ಮಾತ್ರೆ ಎಲ್ಲಿ ಹೋಗಿ ಕೂರುತ್ತದೆ ಅಂತ ನೋಡಬೇಕು

2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಅಫ್ತಾಬ್ ಆಲಂ ಮತ್ತು ರಂಜನಾ ಪ್ರಕಾಶ್ ದೇಸಾಯಿ ಅವರ ಪೀಠ ಒಂದು ತೀರ್ಪು ಕೊಟ್ಟಿತು. ಸ್ವಿಟ್ಜರ್ಲೆಂಡಿನ ನೊವಾರ್ಟಿಸ್ ಕಂಪನಿ ತನ್ನ ಗ್ಲಿವೆಕ್ ಎಂಬ ರಕ್ತ ಕ್ಯಾನ್ಸರ್ ಮಾತ್ರೆಗೆ ಕೇಳಿದ್ದ ಪೇಟೆಂಟನ್ನು ಭಾರತದಲ್ಲಿ ಕೊಡಲಾಗದು ಎಂಬುದು ಅದರ ಸಾರ. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ. ಇಲ್ಲಿನ ಕಂಪನಿಗಳು ಮಾಡುತ್ತಿದ್ದ ಅದೇ ಔಷಧಿ 8ರಿಂದ 10 ಸಾವಿರಕ್ಕೆ ಸಿಗುತ್ತಿತ್ತು.

ಈ ತೀರ್ಪಿನ ಬಗ್ಗೆ ಎರಡು ಬಗೆಯ ಮಾತು ಇವತ್ತಿಗೂ ಕೇಳಿಬರುತ್ತದೆ. ಬಡವರ ಪರವಾಗಿ ಕೋರ್ಟು ಕರುಣೆ ತೋರಿಸಿತು ಅನ್ನುವವರು ಒಂದು ಕಡೆ. ಸಂಶೋಧನೆಗೆ ಬೆಲೆ ಕೊಡದ ದೇಶ ಅಂತ ದೂರುವವರು ಇನ್ನೊಂದು ಕಡೆ. ಕೋರ್ಟಿನ ಮುಂದಿದ್ದ ಪ್ರಶ್ನೆ ಇವೆರಡೂ ಅಲ್ಲ. ಅದು ಹೀಗಿತ್ತು: ಒಂದು ಔಷಧಿಯ ಹರಳಿನ ರೂಪ ಬದಲಾದರೆ, ಅದು ಹೊಸ ಔಷಧಿ ಆಗುತ್ತದೆಯೇ?

ಈ ಪ್ರಶ್ನೆಯನ್ನು ವಕೀಲರಿಗೆ ಮಾತ್ರ ಬಿಟ್ಟುಕೊಡಬೇಕಿಲ್ಲ. ಗ್ಲಿವೆಕ್ ಮೈಯೊಳಗೆ ಯಾವ ಪ್ರೊಟೀನಿನ ಯಾವ ಸಂದಿಗೆ ಹೋಗಿ ಕೂರುತ್ತದೆ ಎಂಬುದನ್ನು ವಿಜ್ಞಾನಿಗಳು ಅಣು ಅಣುವಾಗಿ ನೋಡಿದ್ದಾರೆ. ಆ ಚಿತ್ರ ಕಣ್ಣ ಮುಂದಿದ್ದರೆ ಉತ್ತರ ನಮಗೇ ಹೊಳೆಯುತ್ತದೆ.

ತುಂಡಾಗಿ ಅದಲುಬದಲಾದ ವರ್ಣತಂತು

ಈ ಮಾತ್ರೆ ಮುಖ್ಯವಾಗಿ ಬೇಕಾಗುವುದು ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ, ಅಂದರೆ ಸಿಎಂಎಲ್ ಎಂಬ ರಕ್ತ ಕ್ಯಾನ್ಸರಿಗೆ. ಅಸ್ಥಿಮಜ್ಜೆಯಲ್ಲಿ ಬಿಳಿ ರಕ್ತಕಣಗಳು ಲೆಕ್ಕ ತಪ್ಪಿ ಹುಟ್ಟುತ್ತಾ ಹೋಗುತ್ತವೆ. ಸುಸ್ತು, ಗುಲ್ಮ ಊದಿಕೊಂಡು ಎಡಹೊಟ್ಟೆ ಭಾರ, ತೂಕ ಇಳಿಯುವುದು ಇವು ಲಕ್ಷಣ. ಎಷ್ಟೋ ಸಲ ಬೇರೆ ಯಾವುದಕ್ಕೋ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುತ್ತದೆ. ನಮ್ಮಲ್ಲಿ ಈ ರೋಗ ಬರುವವರಲ್ಲಿ ಹೆಚ್ಚಿನವರು ಇನ್ನೂ ದುಡಿಯುವ ವಯಸ್ಸಿನವರು.

1960ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಜೀವಕೋಶಗಳಲ್ಲಿ ಒಂದು ವರ್ಣತಂತು ತೀರಾ ಗಿಡ್ಡವಾಗಿರುವುದನ್ನು ಕಂಡರು. ಅದು ಹಾಗೆ ಗಿಡ್ಡವಾಗಲು ಕಾರಣವೇನು ಅಂತ 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. 9ನೇ ವರ್ಣತಂತುವಿನ ತುದಿಯೂ 22ನೇ ವರ್ಣತಂತುವಿನ ತುದಿಯೂ ಮುರಿದು ಒಂದರದ್ದು ಇನ್ನೊಂದಕ್ಕೆ ಅಂಟಿಕೊಂಡಿದ್ದವು. ಹೀಗೆ ಅಂಟಿಕೊಂಡ ಕಡೆ ಎರಡು ಜೀನ್‌ಗಳು ಬೆಸೆದುಹೋಗುತ್ತವೆ. 22ರಲ್ಲಿದ್ದ ಬಿಸಿಆರ್ ಮತ್ತು 9ರಿಂದ ಬಂದ ಎಬಿಎಲ್ ಸೇರಿ, ಪ್ರಕೃತಿಯಲ್ಲಿ ಇರಬಾರದಿದ್ದ ಬಿಸಿಆರ್-ಎಬಿಎಲ್ ಎಂಬ ಹೊಸ ಪ್ರೊಟೀನ್ ತಯಾರಾಗುತ್ತದೆ.

ಇದರಲ್ಲಿ ಅಪಾಯಕಾರಿ ಭಾಗ ಎಬಿಎಲ್. ಅದು ಒಂದು ಕೈನೇಸ್.

ಕೈನೇಸ್ ಮಾಡುವ ಕೆಲಸ

ಕೈನೇಸ್ ಮಾಡುವುದು ಒಂದೇ ಕೆಲಸ. ಜೀವಕೋಶದ ಶಕ್ತಿಯ ನಾಣ್ಯವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಗುಂಪನ್ನು ಕಿತ್ತು ಇನ್ನೊಂದು ಪ್ರೊಟೀನಿಗೆ ಅಂಟಿಸುವುದು. ಅಂಟಿಸಿದ ಕೂಡಲೇ ಆ ಪ್ರೊಟೀನಿನ ನಡವಳಿಕೆ ಬದಲಾಗುತ್ತದೆ. ಮಲಗಿದ್ದದ್ದು ಎದ್ದು ಕೂರಬಹುದು, ಎದ್ದಿದ್ದದ್ದು ಮಲಗಬಹುದು. ಇನ್ನೊಂದು ಜಾತಿಯ ಕಿಣ್ವಗಳು ಆ ಫಾಸ್ಫೇಟನ್ನು ಕಿತ್ತು ಹಾಕುತ್ತವೆ. ಹಾಕು, ತೆಗೆ, ಹಾಕು, ತೆಗೆ. ಜೀವಕೋಶ ಯಾವಾಗ ಬೆಳೆಯಬೇಕು, ಯಾವಾಗ ಇಬ್ಭಾಗ ಆಗಬೇಕು, ಯಾವಾಗ ಸಾಯಬೇಕು ಅನ್ನುವ ಸಂದೇಶಗಳೆಲ್ಲ ಬಹುಪಾಲು ಹೀಗೇ ಓಡಾಡುತ್ತವೆ. ಈ ಹಾಕು-ತೆಗೆ ಆಟವನ್ನು ಕಂಡುಹಿಡಿದ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ ಅವರಿಗೆ 1992ರಲ್ಲಿ ನೊಬೆಲ್ ಬಂತು. ಮನುಷ್ಯನಲ್ಲಿ 500ಕ್ಕೂ ಹೆಚ್ಚು ಬಗೆಯ ಕೈನೇಸ್‌ಗಳಿವೆ.

ಆರೋಗ್ಯವಂತರಲ್ಲೂ ಎಬಿಎಲ್ ಇದೆ. ಆದರೆ ಅದಕ್ಕೆ ಬ್ರೇಕ್ ಇದೆ. ಅದರ ಮುಂತುದಿಯಲ್ಲಿರುವ ಒಂದು ಕೊಬ್ಬಿನ ಬಾಲ ಸುತ್ತಿ ಬಂದು ಪ್ರೊಟೀನಿನ ಕೆಳಭಾಗದ ಒಂದು ಗುಳಿಗೆ ಸಿಕ್ಕಿಕೊಳ್ಳುತ್ತದೆ. ಆಗ ಇಡೀ ಯಂತ್ರ ಬಿಗಿದುಕೊಂಡು ಸುಮ್ಮನಾಗುತ್ತದೆ. ಬಿಸಿಆರ್ ಜೊತೆ ಬೆಸೆಯುವಾಗ ಕಳೆದುಹೋಗುವುದು ಆ ಮುಂತುದಿಯೇ. ಬಾಲವಿಲ್ಲ, ಬ್ರೇಕೂ ಇಲ್ಲ. ಹೀಗಾಗಿ ಬಿಸಿಆರ್-ಎಬಿಎಲ್ ಹಗಲಿರುಳು ಫಾಸ್ಫೇಟ್ ಅಂಟಿಸುತ್ತಲೇ ಇರುತ್ತದೆ. ರಕ್ತಕಣಕ್ಕೆ "ಬೆಳೆ, ಬೆಳೆ" ಅನ್ನುವ ಒಂದೇ ಆಜ್ಞೆ.

ಎರಡು ದವಡೆ, ನಡುವೆ ಬಾಯಿ

ಕೈನೇಸ್ ಹೇಗೆ ಕಾಣುತ್ತದೆ ಅಂತ ಮೊದಲು ಗೊತ್ತಾಗಿದ್ದು 1991ರಲ್ಲಿ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಸ್ಯಾನ್ ಡಿಯೇಗೊ ಕ್ಯಾಂಪಸ್ಸಿನಲ್ಲಿ ಸೂಸನ್ ಟೇಲರ್ ಅವರ ತಂಡ ಪಿಕೆಎ ಎಂಬ ಕೈನೇಸನ್ನು, ಅದನ್ನು ತಡೆಹಿಡಿಯುವ ಒಂದು ಪುಟ್ಟ ಪೆಪ್ಟೈಡ್ ಅಂಟಿಕೊಂಡ ಸ್ಥಿತಿಯಲ್ಲೇ ಹರಳುಗಟ್ಟಿಸಿತು. ಆ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿ ಅಣುಗಳ ಜಾಗ ಗುರುತಿಸಿತು. ಆಮೇಲೆ ನೋಡಿದ ಕೈನೇಸ್‌ಗಳೆಲ್ಲ ಹೆಚ್ಚುಕಡಿಮೆ ಅದೇ ಅಚ್ಚಿನವು.

ಒಂದು ಬಾಯಿಯನ್ನು ಕಲ್ಪಿಸಿಕೊಳ್ಳಿ. ಮೇಲಿನ ದವಡೆ ಚಿಕ್ಕದು, ಕೆಳಗಿನದು ದೊಡ್ಡದು. ಹಿಂದುಗಡೆ ಎರಡನ್ನೂ ಸೇರಿಸುವ ಒಂದು ಕೀಲು. ಎರಡರ ನಡುವಿನ ಸಂದಿಯೊಳಗೆ ಎಟಿಪಿ ಬಂದು ಕೂರುತ್ತದೆ. ಫಾಸ್ಫೇಟ್ ಪಡೆಯಬೇಕಾದ ಪ್ರೊಟೀನು ಬಾಯಿಯ ಮುಂಭಾಗಕ್ಕೆ ಬಂದು ತಗಲುತ್ತದೆ. ಕೆಳದವಡೆಯಿಂದ ಒಂದು ಉದ್ದನೆಯ ಕುಣಿಕೆ ಹೊರಚಾಚಿರುತ್ತದೆ. ಆ ಕುಣಿಕೆ ಬಿಚ್ಚಿಕೊಂಡಿದ್ದರೆ ಕೈನೇಸ್ ಚಾಲೂ. ಮಡಚಿಕೊಂಡು ಬಾಯಿಗೆ ಅಡ್ಡ ಬಂದಿದ್ದರೆ ಬಂದ್.

ಆ ಕುಣಿಕೆಯ ಬುಡದಲ್ಲಿ ಮೂರು ಅಮೈನೊ ಆಮ್ಲಗಳಿವೆ: ಆಸ್ಪಾರ್ಟೇಟ್, ಫಿನೈಲ್‌ಅಲನಿನ್, ಗ್ಲೈಸಿನ್. ಇವುಗಳ ಒಂದಕ್ಷರದ ಗುರುತು ಸೇರಿಸಿ ಡಿಎಫ್‌ಜಿ ಅನ್ನುತ್ತಾರೆ. ಕೈನೇಸ್ ಕೆಲಸ ಮಾಡುವಾಗ ಈ ಆಸ್ಪಾರ್ಟೇಟ್ ಒಳಮುಖವಾಗಿ ನಿಂತು, ಮೆಗ್ನೀಸಿಯಂ ಮೂಲಕ ಎಟಿಪಿಯ ಫಾಸ್ಫೇಟುಗಳನ್ನು ಹಿಡಿದುಕೊಳ್ಳುತ್ತದೆ. ಕೆಲಸ ನಿಲ್ಲಿಸಿದ ಒಂದು ಭಂಗಿಯಲ್ಲಿ ಈ ಮೂವರೂ ಮಗ್ಗುಲು ಬದಲಿಸುತ್ತಾರೆ. ಫಿನೈಲ್‌ಅಲನಿನ್ ತನ್ನ ಗೂಡು ಬಿಟ್ಟು ಹೊರಬರುತ್ತದೆ. ಹಿಂದೆ ಒಂದು ಖಾಲಿ ಜಾಗ ಉಳಿಯುತ್ತದೆ.

ಗ್ಲಿವೆಕ್‌ನ ಕಥೆ ನಡೆಯುವುದು ಆ ಖಾಲಿ ಜಾಗದಲ್ಲಿ.

ಮಾತ್ರೆ ಕೂರುವ ಜಾಗ

ಗ್ಲಿವೆಕ್‌ನಲ್ಲಿರುವ ಔಷಧಿಯ ಹೆಸರು ಇಮ್ಯಾಟಿನಿಬ್. ಆಗ ಸೀಬಾ-ಗೈಗಿ ಆಗಿದ್ದ, 1996ರಲ್ಲಿ ಸ್ಯಾಂಡೋಜ್ ಜೊತೆ ಸೇರಿ ನೊವಾರ್ಟಿಸ್ ಆದ ಕಂಪನಿಯಲ್ಲಿ ನಿಕೋಲಸ್ ಲೈಡನ್, ಯುರ್ಗ್ ಜಿಮ್ಮರ್‌ಮನ್ ಮೊದಲಾದವರು ಇದನ್ನು ರೂಪಿಸಿದರು. ಇದನ್ನು ಸಿಎಂಎಲ್ ಮೇಲೆ ಪ್ರಯೋಗಿಸಲೇಬೇಕು ಅಂತ ಬೆನ್ನುಬಿದ್ದವರು ಅಮೆರಿಕದ ಆರೆಗಾನ್‌ನ ವೈದ್ಯ ಬ್ರಯನ್ ಡ್ರೂಕರ್.

ಎಬಿಎಲ್ ಜೊತೆ ಈ ಔಷಧಿಯ ಒಂದು ಹತ್ತಿರದ ನೆಂಟ ಅಂಟಿಕೊಂಡಿರುವ ಚಿತ್ರವನ್ನು ಜಾನ್ ಕುರಿಯನ್ ಅವರ ತಂಡ 2000ದಲ್ಲಿ ಪ್ರಕಟಿಸಿತು. ಇಮ್ಯಾಟಿನಿಬ್ ಜೊತೆಗಿನ ಚಿತ್ರ 2002ರಲ್ಲಿ ಬಂತು. ಅದರಲ್ಲಿ ಕಂಡದ್ದು ಹೀಗಿದೆ. ಇಮ್ಯಾಟಿನಿಬ್ ಒಂದು ಉದ್ದನೆಯ ಅಣು. ಅದರ ಒಂದು ತುದಿ ಎಟಿಪಿ ಕೂರುವ ಜಾಗಕ್ಕೆ ನುಗ್ಗಿ, ಕೀಲಿನಲ್ಲಿರುವ 318ನೇ ಅಮೈನೊ ಆಮ್ಲ ಮೆಥಿಯೊನಿನ್ ಜೊತೆ ಹೈಡ್ರೋಜನ್ ಬಂಧ ಹಾಕಿಕೊಳ್ಳುತ್ತದೆ. ನಡುಭಾಗ 315ನೇ ಜಾಗದ ಥ್ರಿಯೊನಿನ್ ಜೊತೆ ಕೈ ಹಿಡಿಯುತ್ತದೆ. ಇನ್ನೂ ಒಳಕ್ಕೆ ಹೋದರೆ 286ರ ಗ್ಲುಟಮೇಟ್ ಮತ್ತು ಡಿಎಫ್‌ಜಿಯ ಆಸ್ಪಾರ್ಟೇಟ್ ಸಿಗುತ್ತವೆ. ಉಳಿದ ಭಾಗ ಫಿನೈಲ್‌ಅಲನಿನ್ ಬಿಟ್ಟುಹೋದ ಜಾಗ ದಾಟಿ ಹಿಂದಿನವರೆಗೂ ಚಾಚಿಕೊಳ್ಳುತ್ತದೆ. ಒಟ್ಟು ಆರು ಹೈಡ್ರೋಜನ್ ಬಂಧ. ಈ ಸ್ಥಿತಿಯಲ್ಲಿ ಡಿಎಫ್‌ಜಿ ವಾಪಸ್ ತಿರುಗಲು ಜಾಗವಿಲ್ಲ, ಎಟಿಪಿಗೂ ಒಳಬರಲು ಜಾಗವಿಲ್ಲ.

ಬೀಗಕ್ಕೆ ಕೀಲಿ ಅನ್ನುವ ಹೋಲಿಕೆ ಇಲ್ಲಿ ಪೂರ್ತಿ ಸರಿಹೋಗುವುದಿಲ್ಲ. ಬೀಗ ಅಲುಗಾಡುವುದಿಲ್ಲ, ಕೈನೇಸ್ ಅಲುಗಾಡುತ್ತದೆ. ಇಮ್ಯಾಟಿನಿಬ್ ಮಾಡುವುದು ಇಷ್ಟೇ: ಎಬಿಎಲ್ ಕೆಲಸ ನಿಲ್ಲಿಸಿ ಮಲಗುವ ಆ ಭಂಗಿಯಲ್ಲೇ ಅದನ್ನು ಹಿಡಿದು ಕಟ್ಟಿಹಾಕುವುದು.

ಇದರಿಂದ ಒಂದು ದೊಡ್ಡ ಲಾಭವಾಯಿತು. 500ಕ್ಕೂ ಹೆಚ್ಚು ಕೈನೇಸ್‌ಗಳೂ ಎಟಿಪಿಯನ್ನೇ ಹಿಡಿಯಬೇಕಾದ್ದರಿಂದ, ಒಂದನ್ನು ತಡೆಯುವ ಔಷಧಿ ಎಲ್ಲವನ್ನೂ ತಡೆದು ಮನುಷ್ಯನನ್ನೇ ಕೊಲ್ಲಬಹುದು ಎಂಬ ಭಯ ಮೊದಲಿತ್ತು. ಆದರೆ ಕೆಲಸ ಮಾಡುವಾಗ ಎಲ್ಲರದ್ದೂ ಒಂದೇ ಭಂಗಿ, ಮಲಗುವಾಗ ಒಬ್ಬೊಬ್ಬರದು ಒಂದೊಂದು ಮಗ್ಗುಲು. ಮಲಗಿದ ಭಂಗಿಯನ್ನು ಹಿಡಿಯುವ ಇಮ್ಯಾಟಿನಿಬ್‌ಗೆ ಆದ್ದರಿಂದ ಕೆಲವೇ ಗಿರಾಕಿಗಳು. ಎಬಿಎಲ್ ಬಿಟ್ಟರೆ ಕಿಟ್, ಪಿಡಿಜಿಎಫ್ ರಿಸೆಪ್ಟರ್ ಮುಂತಾದವು. ಕಿಟ್ ಕೆಟ್ಟು ಜೀರ್ಣಾಂಗದಲ್ಲಿ ಬರುವ ಜಿಸ್ಟ್ ಎಂಬ ಗೆಡ್ಡೆಗೂ ಇದೇ ಮಾತ್ರೆ ಕೆಲಸ ಮಾಡುವುದು ಇದರಿಂದಲೇ.

ಮೂರು ಮಾತ್ರೆ ತಪ್ಪಿದರೆ

1998ರಲ್ಲಿ ರೋಗಿಗಳ ಮೇಲೆ ಪ್ರಯೋಗ ಶುರುವಾಯಿತು. 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ಮಂದಿಯಲ್ಲಿ 53 ಮಂದಿಯ ರಕ್ತಕಣಗಳ ಲೆಕ್ಕ ಸರಿಹೋಯಿತು. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಈ ಮಾತ್ರೆಯಿಂದ ಚಿಕಿತ್ಸೆ ಶುರುಮಾಡಿದವರಲ್ಲಿ ಸುಮಾರು 83% ಮಂದಿ 10 ವರ್ಷದ ನಂತರವೂ ಬದುಕಿದ್ದರು ಅಂತ 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಒಂದು ಕಾಲಕ್ಕೆ ಕೆಲವೇ ವರ್ಷದ ಆಯಸ್ಸು ಅನ್ನುತ್ತಿದ್ದ ರೋಗವಿದು.

ಆದರೆ ಮೇಲಿನ ಚಿತ್ರದಲ್ಲಿ ಒಂದು ಎಚ್ಚರಿಕೆಯೂ ಇದೆ. ಇಮ್ಯಾಟಿನಿಬ್ ಕೈನೇಸನ್ನು ನಾಶ ಮಾಡುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ ಅಷ್ಟೇ. ಹೈಡ್ರೋಜನ್ ಬಂಧ ಅಂದರೆ ಗಂಟು ಹಾಕಿದ ಹಾಗಲ್ಲ, ಕೈ ಹಿಡಿದುಕೊಂಡ ಹಾಗೆ. ಅಣು ಬರುತ್ತದೆ, ಕೂರುತ್ತದೆ, ಎದ್ದು ಹೋಗುತ್ತದೆ. ಆ ಜಾಗಕ್ಕೆ ಇನ್ನೊಂದು ಬರಬೇಕು. ಸುಮಾರು 18 ಗಂಟೆಯಲ್ಲಿ ರಕ್ತದಲ್ಲಿನ ಔಷಧಿ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ ದಿನಾ ನುಂಗಬೇಕು.

ರಿಪೋರ್ಟು ನಾರ್ಮಲ್ ಬಂತು ಅಂತ ಮಾತ್ರೆ ಬಿಡುವವರಿದ್ದಾರೆ. ದುಡ್ಡು ಸಾಲದೆ ಒಂದು ದಿನ ಬಿಟ್ಟು ಒಂದು ದಿನ ನುಂಗುವವರೂ ಇದ್ದಾರೆ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ವೈದ್ಯರು 2010ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಅಂಥವರಿಗೆ ಹೇಳಬೇಕು. ಮಾತ್ರೆಗಳಲ್ಲಿ 90%ಗಿಂತ ಹೆಚ್ಚು ನುಂಗಿದವರಲ್ಲಿ ರೋಗ ಆಳದ ಮಟ್ಟದಲ್ಲಿ ಹಿಡಿತಕ್ಕೆ ಬರುವ ಸಾಧ್ಯತೆ 94.5%. ಅದಕ್ಕಿಂತ ಕಡಿಮೆ ನುಂಗಿದವರಲ್ಲಿ 28.4%. 90% ಅಂದರೆ ತಿಂಗಳಿಗೆ ಮೂರು ದಿನ ತಪ್ಪಿದ ಹಾಗೆ. ಮಾತ್ರೆಯ ಬೆಲೆ ಅನ್ನುವುದು ಸಿಎಂಎಲ್ ರೋಗಿಗೆ ಒಂದು ಸಲದ ಖರ್ಚಲ್ಲ, ಪ್ರತಿ ತಿಂಗಳ ಬಾಡಿಗೆ ಇದ್ದ ಹಾಗೆ. ಕಟ್ಟಲಾಗದ ತಿಂಗಳು ರೋಗ ವಾಪಸ್ ಬರುತ್ತದೆ.

ವರ್ಷಗಟ್ಟಲೆ ರೋಗದ ಸುಳಿವೇ ಸಿಗದಿದ್ದರೆ ಮಾತ್ರೆ ನಿಲ್ಲಿಸಿ ನೋಡುವ ಕ್ರಮವೂ ಇದೆ. ಫ್ರಾನ್ಸಿನ ಅಧ್ಯಯನವೊಂದರಲ್ಲಿ ಹಾಗೆ ನಿಲ್ಲಿಸಿದವರ ಪೈಕಿ ಸುಮಾರು 40% ಮಂದಿಗೆ ರೋಗ ಮರಳಲಿಲ್ಲ. ಆದರೆ ಅದು ವೈದ್ಯರ ಕಣ್ಗಾವಲಿನಲ್ಲಿ, ಬಿಸಿಆರ್-ಎಬಿಎಲ್ ಪಿಸಿಆರ್ ಪರೀಕ್ಷೆ ಮತ್ತೆ ಮತ್ತೆ ಮಾಡಿಸುತ್ತಾ ಮಾಡುವ ಕೆಲಸ.

315ನೇ ಜಾಗದ ದ್ವಾರಪಾಲಕ

2001ರಲ್ಲೇ ಕೆಟ್ಟ ಸುದ್ದಿಯೂ ಬಂತು. ಮಾತ್ರೆ ಸರಿಯಾಗಿ ನುಂಗಿದರೂ ಕೆಲವರಲ್ಲಿ ರೋಗ ಮರಳುತ್ತಿತ್ತು. ಲಾಸ್ ಏಂಜಲೀಸ್‌ನಲ್ಲಿ ಚಾರ್ಲ್ಸ್ ಸಾಯರ್ಸ್ ಅವರ ತಂಡ ಅಂಥ 9 ರೋಗಿಗಳನ್ನು ಪರೀಕ್ಷಿಸಿದಾಗ 6 ಮಂದಿಯಲ್ಲಿ ಒಂದೇ ಬದಲಾವಣೆ ಸಿಕ್ಕಿತು. ಡಿಎನ್‌ಎಯಲ್ಲಿ ಒಂದಕ್ಷರ ಬದಲಾಗಿ 315ನೇ ಜಾಗದ ಥ್ರಿಯೊನಿನ್ ಹೋಗಿ ಐಸೊಲ್ಯೂಸಿನ್ ಬಂದಿತ್ತು. ಇದನ್ನು ಟಿ315ಐ ಅನ್ನುತ್ತಾರೆ.

ಚಿತ್ರ ನೋಡಿದವರಿಗೆ ಕಾರಣ ಸುಲಭವಾಗಿ ಗೊತ್ತಾಗುತ್ತದೆ. 315 ಅನ್ನುವುದು ಒಳಗಿನ ಕೋಣೆಯ ಬಾಗಿಲಲ್ಲಿ ನಿಂತ ದ್ವಾರಪಾಲಕ. ಥ್ರಿಯೊನಿನ್ ಇದ್ದಾಗ ಆತ ಕೈ ಕೊಟ್ಟು ಒಳಗೆ ಬಿಡುತ್ತಿದ್ದ. ಐಸೊಲ್ಯೂಸಿನ್‌ಗೆ ಕೊಡಲು ಕೈಯೂ ಇಲ್ಲ, ಮೈಯೂ ದಪ್ಪ. ಇಮ್ಯಾಟಿನಿಬ್ ಒಳಹೋಗಲಾರದು. ಎಟಿಪಿಗೆ ಮಾತ್ರ ಏನೂ ತೊಂದರೆಯಿಲ್ಲ, ಯಾಕಂದರೆ ಅದು ಆ ಒಳಕೋಣೆಗೆ ಹೋಗುವುದೇ ಇಲ್ಲ.

ಆಮೇಲೆ ಬಂದ ಡಸಾಟಿನಿಬ್ ಮತ್ತು ನಿಲೋಟಿನಿಬ್ ಬೇರೆ ಎಷ್ಟೋ ರೂಪಾಂತರಗಳನ್ನು ನಿಭಾಯಿಸಿದವು, ಟಿ315ಐ ಮುಂದೆ ಸೋತವು. 2012ರಲ್ಲಿ ಬಂದ ಪೊನಾಟಿನಿಬ್ ಅಣುವಿನ ನಡುಭಾಗವನ್ನೇ ತೆಳ್ಳಗೆ ಮಾಡಿ ದ್ವಾರಪಾಲಕನ ಪಕ್ಕದಲ್ಲಿ ನುಸುಳುವಂತೆ ಮಾಡಿತು. ಆದರೆ ಅದಕ್ಕೆ ರಕ್ತನಾಳ ಕಟ್ಟಿಕೊಳ್ಳುವ ಅಪಾಯ ಅಂಟಿಕೊಂಡಿದೆ. 2021ರಲ್ಲಿ ಅಮೆರಿಕದ ಒಪ್ಪಿಗೆ ಪಡೆದ ಅಸಿಮಿನಿಬ್ ಬಾಯಿಯ ತಂಟೆಗೇ ಹೋಗುವುದಿಲ್ಲ. ಕೆಳದವಡೆಯಲ್ಲಿ ಕೊಬ್ಬಿನ ಬಾಲ ಕೂರುತ್ತಿದ್ದ ಆ ಹಳೇ ಗುಳಿಗೆ ಹೋಗಿ ಕೂತು, ಕಳೆದುಹೋದ ಬ್ರೇಕನ್ನೇ ಮತ್ತೆ ಹಾಕುತ್ತದೆ. ಇದನ್ನು ರೂಪಿಸಿದ್ದೂ ನೊವಾರ್ಟಿಸ್ ಕಂಪನಿಯೇ.

ಈಗ ಕೋರ್ಟಿಗೆ ಬರೋಣ

ಇಮ್ಯಾಟಿನಿಬ್ ಅಣುವಿಗೆ 1990ರ ದಶಕದ ಮೊದಲ ಭಾಗದಲ್ಲೇ ಹೊರದೇಶಗಳಲ್ಲಿ ಪೇಟೆಂಟ್ ಕೇಳಲಾಗಿತ್ತು. ಆಗ ಭಾರತದಲ್ಲಿ ಔಷಧಿ ಅಣುಗಳಿಗೆ ಪೇಟೆಂಟ್ ಕೊಡುವ ಪದ್ಧತಿಯೇ ಇರಲಿಲ್ಲ. 1998ರಲ್ಲಿ ಕಂಪನಿ ಚೆನ್ನೈನಲ್ಲಿ ಅರ್ಜಿ ಹಾಕಿದ್ದು ಮೂಲ ಅಣುವಿಗಲ್ಲ, ಇಮ್ಯಾಟಿನಿಬ್ ಮೆಸಿಲೇಟ್ ಎಂಬ ಲವಣದ ಬೀಟಾ ಹರಳಿನ ರೂಪಕ್ಕೆ. 2005ರ ತಿದ್ದುಪಡಿಯಲ್ಲಿ ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಈಗಿನ ರೂಪ ಪಡೆಯಿತು. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮಶಕ್ತಿ ಹೆಚ್ಚಿದ್ದರೆ ಮಾತ್ರ ಪೇಟೆಂಟ್ ಎನ್ನುತ್ತದೆ ಆ ಕಲಂ. 2006ರಲ್ಲಿ ಅರ್ಜಿ ತಿರಸ್ಕೃತವಾಯಿತು. ಕ್ಯಾನ್ಸರ್ ಪೇಶೆಂಟ್ಸ್ ಏಡ್ ಅಸೋಸಿಯೇಷನ್ ಮತ್ತು ದೇಶದ ಔಷಧಿ ಕಂಪನಿಗಳು ಎದುರಾಳಿಯಾಗಿದ್ದ ಆ ವ್ಯಾಜ್ಯ ಕೊನೆಗೆ ಸುಪ್ರೀಂ ಕೋರ್ಟಿಗೆ ಬಂತು.

ಬೀಟಾ ಹರಳು ಚೆನ್ನಾಗಿ ಹರಿಯುತ್ತದೆ, ಹೆಚ್ಚು ಸ್ಥಿರ, ತೇವ ಕಡಿಮೆ ಹೀರುತ್ತದೆ ಎಂದಿತು ಕಂಪನಿ. ಇದೆಲ್ಲ ನಿಜ. ಮಾತ್ರೆ ಒತ್ತುವ ಕಾರ್ಖಾನೆಗೆ, ಡಬ್ಬಿಯಲ್ಲಿ ಕೂಡಿಡುವ ಅಂಗಡಿಗೆ ಇದರಿಂದ ಅನುಕೂಲ. ಆದರೆ ಹರಳು ಅನ್ನುವುದು ಅಣುಗಳು ಒಂದರ ಪಕ್ಕ ಒಂದು ಜೋಡಿಸಿಕೊಂಡ ಕ್ರಮ. ಹೊಟ್ಟೆಯ ಆಮ್ಲದಲ್ಲಿ ಮಾತ್ರೆ ಕರಗಿದ ಕೂಡಲೇ ಆ ಕ್ರಮ ಹೋಯಿತು. ಲವಣದ ಮೆಸಿಲೇಟ್ ಭಾಗವೂ ಅಲ್ಲೇ ಬೇರೆಯಾಯಿತು. ರಕ್ತದಲ್ಲಿ ಹರಿದು, ಜೀವಕೋಶ ಹೊಕ್ಕು, ಎರಡು ದವಡೆಗಳ ಸಂದಿಗೆ ತಲುಪುವುದು ಬಿಡಿ ಇಮ್ಯಾಟಿನಿಬ್ ಅಣು ಮಾತ್ರ. ಅದು ಆಲ್ಫಾ ಹರಳಿನಿಂದ ಬಂತೋ ಬೀಟಾ ಹರಳಿನಿಂದ ಬಂತೋ ಅಂತ 315ನೇ ದ್ವಾರಪಾಲಕ ಕೇಳುವುದಿಲ್ಲ. ಎರಡೂ ಹಾಕುವುದು ಅದೇ ಆರು ಬಂಧ.

ಕೋರ್ಟು ಹೇಳಿದ್ದು ಇದನ್ನೇ, ಕಾನೂನಿನ ಮಾತಿನಲ್ಲಿ. ಔಷಧಿಯ ವಿಷಯದಲ್ಲಿ ಪರಿಣಾಮಶಕ್ತಿ ಅಂದರೆ ಗುಣಪಡಿಸುವ ಶಕ್ತಿ. ಹರಿಯುವ ಗುಣ, ಸ್ಥಿರತೆ, ತೇವದ ಗುಣ ಅದರಲ್ಲಿ ಬರುವುದಿಲ್ಲ. ಇಮ್ಯಾಟಿನಿಬ್‌ನ ಮೂಲರೂಪಕ್ಕಿಂತ ಇದು 30% ಹೆಚ್ಚು ಮೈಗೆ ಸೇರುತ್ತದೆ ಎಂಬ ಇನ್ನೊಂದು ವಾದವೂ ಇತ್ತು. ಕೋರ್ಟು ಅದನ್ನು ಸಾರಾಸಗಟಾಗಿ ತಳ್ಳಿಹಾಕಲಿಲ್ಲ. ಹೆಚ್ಚು ಸೇರುವುದರಿಂದ ಹೆಚ್ಚು ಗುಣವಾಗುತ್ತದೆ ಅಂತ ಪುರಾವೆ ಕೊಡಿ ಎಂದಿತು. ಅಂಥ ಪುರಾವೆ ಕಡತದಲ್ಲಿ ಇರಲಿಲ್ಲ.

ಕಂಪನಿಯ ಪರವಾಗಿಯೂ ಒಂದು ಮಾತು ಹೇಳಬೇಕು. ಹಣ ಹಾಕಿ, ವರ್ಷಗಟ್ಟಲೆ ದುಡಿದು ಈ ಅಣುವನ್ನು ಮಾತ್ರೆ ಮಾಡಿದ್ದು ಅವರೇ. ಭಾರತದ ಸಾವಿರಾರು ರೋಗಿಗಳಿಗೆ ಅದನ್ನು ಉಚಿತವಾಗಿಯೂ ಕೊಟ್ಟರು. ಆದರೆ ಆ ಶ್ರಮದ ಫಲ ಮೂಲ ಅಣುವಿನ ಪೇಟೆಂಟಿನಲ್ಲಿ ಹೊರದೇಶಗಳಲ್ಲಿ ಸಿಕ್ಕಿತ್ತು. ಅಮೆರಿಕದಲ್ಲಿ ಜೆನೆರಿಕ್ ಮಾತ್ರೆ ಅಂಗಡಿಗೆ ಬಂದದ್ದೇ 2016ರಲ್ಲಿ. ಉಚಿತ ಮಾತ್ರೆ ಕಂಪನಿಯ ಮನಸ್ಸಿನ ಮೇಲೆ ನಿಂತದ್ದು, ಅಗ್ಗದ ಮಾತ್ರೆ ಕಾನೂನಿನ ಮೇಲೆ ನಿಂತದ್ದು. ಜೀವನಪೂರ್ತಿ ಮಾತ್ರೆ ಬೇಕಾದವರಿಗೆ ಯಾವುದು ಭರವಸೆ ಅಂತ ಬಿಡಿಸಿ ಹೇಳಬೇಕಿಲ್ಲ.

ಹಾಗಂತ 3(ಡಿ) ಎಲ್ಲಕ್ಕೂ ಮದ್ದಲ್ಲ. ಅಸಿಮಿನಿಬ್ ಹೊಸ ಅಣು, ಹೋಗಿ ಕೂರುವ ಜಾಗವೂ ಬೇರೆ. ಇದೇ ಅಳತೆಗೋಲು ಹಿಡಿದರೆ ಅದು ನಿಜವಾದ ಆವಿಷ್ಕಾರ, 3(ಡಿ) ಅದಕ್ಕೆ ಅಡ್ಡ ಬರುವುದಿಲ್ಲ. ಟಿ315ಐ ಬಂದ ರೋಗಿಗೆ ಅಂಥ ಔಷಧಿ ಕೈಗೆಟುಕಬೇಕಾದರೆ ಬೇರೆ ದಾರಿ ಬೇಕು: ಸರ್ಕಾರ ಒಟ್ಟಾಗಿ ಖರೀದಿಸಿ ಬೆಲೆ ಇಳಿಸುವುದು, ಆರೋಗ್ಯ ವಿಮಾ ಯೋಜನೆಗಳಲ್ಲಿ ಸೇರಿಸುವುದು, ತೀರಾ ಅನಿವಾರ್ಯವಾದರೆ ಕಡ್ಡಾಯ ಪರವಾನಗಿ. ಡಸಾಟಿನಿಬ್‌ಗೆ ಅಂಥ ಪರವಾನಗಿ ಕೇಳಿ ಒಂದು ಭಾರತೀಯ ಕಂಪನಿ ಹಾಕಿದ ಅರ್ಜಿ 2013ರಲ್ಲೇ ತಿರಸ್ಕೃತವಾಗಿತ್ತು. ಗ್ಲಿವೆಕ್ ತೀರ್ಪು ಬಂದ ಅದೇ ವರ್ಷ.

ಆ ತೀರ್ಪು ನಮಗೆ ಕೊಟ್ಟದ್ದು ಒಂದು ಒಳ್ಳೆಯ ಪ್ರಶ್ನೆ. ಮುಂದಿನ ಸಲ ಯಾವುದೋ ಔಷಧಿಯ "ಹೊಸ ರೂಪ" ಬಂತು, ಬೆಲೆ ಏರಿತು ಅಂತ ಸುದ್ದಿ ಬಂದಾಗ ನಾವೂ ಅದನ್ನೇ ಕೇಳಬೇಕು: ಡಬ್ಬಿಯೊಳಗೆ ಏನು ಬದಲಾಗಿದೆ ಅಂತಲ್ಲ, ಮೈಯೊಳಗೆ ಅದು ಹೋಗಿ ಕೂರುವ ಜಾಗದಲ್ಲಿ ಏನು ಬದಲಾಗಿದೆ?